ಷರ್ಲಾಕ್ ಹೋಮ್ಸ್ ಸ್ಲಿದರಿನ್‌ಗೇ ಸೇರಬೇಕಾದವನು

ಹ್ಯಾರಿ ಪಾಟರ್ ಸರಣಿಯನ್ನು ಮೆಚ್ಚಿ ಓದಿದವರು ಒಂದಲ್ಲ ಒಂದು ಸಲ ಆಡಿಯೇ ಇರುವ ಆಟವೊಂದಿದೆ. ಬೇರೆ ಕಥೆಗಳ ಪಾತ್ರಗಳನ್ನು ಹಾಗ್ವರ್ಟ್ಸ್ ಶಾಲೆಗೆ ಕರೆತಂದು, ಸ್ಟೂಲಿನ ಮೇಲೆ ಕೂರಿಸಿ, ತಲೆಗೆ ಆ ತೇಪೆ ಹಾಕಿದ ಹಳೆಯ ಟೋಪಿಯನ್ನಿಟ್ಟು, ಇವರು ಯಾವ ಹೌಸ್‌ಗೆ ಸೇರಬೇಕೆಂದು ತೀರ್ಪು ಕೊಡುವ ಆಟ ಅದು. ಕಥೆಯಲ್ಲಿ ಮಕ್ಕಳ ಸ್ವಭಾವ ನೋಡಿ ಅವರನ್ನು ನಾಲ್ಕು ಹೌಸ್‌ಗಳಿಗೆ, ಅಂದರೆ ಶಾಲೆಯ ಬಳಗಗಳಿಗೆ, ಹಂಚುವುದು ಆ ಮಾತನಾಡುವ ಟೋಪಿಯೇ: ಧೈರ್ಯಕ್ಕೆ ಗ್ರಿಫಿಂಡರ್, ಜ್ಞಾನದ ಹಂಬಲಕ್ಕೆ ರೇವನ್‌ಕ್ಲಾ, ಮಹತ್ವಾಕಾಂಕ್ಷೆಗೂ ಚಾಣಾಕ್ಷತನಕ್ಕೂ ಸ್ಲಿದರಿನ್, ನಿಷ್ಠೆಗೂ ದುಡಿಮೆಗೂ ಹಫಲ್‌ಪಫ್. ನನಗೂ ಇದರ ಚಟವಿದೆ. ಆದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಪಟ್ಟಿಗಳಲ್ಲಿ ಹೊಡೆದಾಡುವವರೆಲ್ಲ ಗ್ರಿಫಿಂಡರ್, ಜಾಣರೆಲ್ಲ ರೇವನ್‌ಕ್ಲಾ, ಖಳರೆಲ್ಲ ಸ್ಲಿದರಿನ್, ಎಲ್ಲಿಯೂ ಸಲ್ಲದೆ ಉಳಿದ ಪಾಪದವರೆಲ್ಲ ಹಫಲ್‌ಪಫ್ ಎಂಬ ಲೆಕ್ಕಾಚಾರವೇ ಕಾಣುತ್ತದೆ. ಇಷ್ಟಕ್ಕೆ ಮಾತನಾಡುವ ಟೋಪಿಯ ಅಗತ್ಯವೇನಿತ್ತು, ಶಾಲೆಯ ಗುಮಾಸ್ತರೇ ಮಾಡಿ ಮುಗಿಸುತ್ತಿದ್ದರು.

1997ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಟೋಪಿಯು ಹ್ಯಾರಿಯ ತಲೆಯೊಳಗೆ ಧೈರ್ಯವನ್ನೂ ಬುದ್ಧಿಯನ್ನೂ, ತಾನೇನೆಂದು ತೋರಿಸಬೇಕೆಂಬ ಹಂಬಲವನ್ನೂ ಕಂಡು, ಸ್ಲಿದರಿನ್ ಸೇರಿದರೆ ನೀನು ದೊಡ್ಡವನಾಗುತ್ತೀಯೆಂದು ಆಸೆ ತೋರಿಸುತ್ತದೆ. ಹುಡುಗ ಬೇಡವೇ ಬೇಡವೆಂದು ಬೇಡಿಕೊಂಡಾಗ ಗ್ರಿಫಿಂಡರ್‌ಗೆ ಕಳುಹಿಸುತ್ತದೆ. ಹ್ಯಾರಿಯ ಗೆಳತಿ ಹರ್ಮೈನಿಯನ್ನು ರೇವನ್‌ಕ್ಲಾಗೆ ಕಳುಹಿಸುವ ಯೋಚನೆಯೂ ಅದಕ್ಕೆ ಬಂದಿತ್ತು. ಗೆಳೆಯರನ್ನು ಶತ್ರುವಿಗೆ ಒಪ್ಪಿಸಿಕೊಟ್ಟ ಪೀಟರ್ ಪೆಟಿಗ್ರೂ ಕೂಡ ಗ್ರಿಫಿಂಡರ್‌ನವನೇ ಎಂಬುದನ್ನು ಮರೆಯಬಾರದು. ಹೌಸ್ ಎಂಬುದು ನಡತೆಗೆ ಕೊಡುವ ಸರ್ಟಿಫಿಕೇಟ್ ಅಲ್ಲವೆಂಬುದಕ್ಕೆ ಅವನೊಬ್ಬನೇ ಸಾಕು. ಆದ್ದರಿಂದ ನಾನು ಪಾಲಿಸುವ ನಿಯಮ ಒಂದೇ: ಎರಡರಲ್ಲಿ ಒಂದನ್ನು ಬಿಡಲೇಬೇಕಾದ ಇಕ್ಕಟ್ಟಿಗೆ ಪಾತ್ರವೊಂದು ಸಿಕ್ಕಿಕೊಂಡಾಗ ಯಾವುದನ್ನು ಬಿಡದೆ ಹಿಡಿದುಕೊಳ್ಳುತ್ತದೋ ಅದೇ ಅದರ ಹೌಸ್.

ಈ ವಿಷಯದಲ್ಲಿ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಮೇಲೂ ನನಗೊಂದು ತಕರಾರಿದೆ. 2007ರ ಕೊನೆಯ ಪುಸ್ತಕದಲ್ಲಿ ಸ್ಲಿದರಿನ್ ಹೌಸ್‌ನ ಶಿಕ್ಷಕ ಸ್ನೇಪ್‌ನ ಧೈರ್ಯವನ್ನು ಮೆಚ್ಚಿ, ನಾವು ಕೆಲವೊಮ್ಮೆ ಮಕ್ಕಳನ್ನು ತೀರಾ ಬೇಗ ವಿಂಗಡಿಸುತ್ತೇವೇನೋ ಎಂದು ಆತ ಹೇಳುತ್ತಾನೆ. ಹೊಗಳಿಕೆಯಂತೆ ಕೇಳಿಸುವ ಈ ಮಾತಿನ ಅರ್ಥ, ಧೈರ್ಯವಂತನಾದ ನೀನು ನಮ್ಮ ಗ್ರಿಫಿಂಡರ್ ಹೌಸ್‌ನಲ್ಲಿ ಇರಬೇಕಿತ್ತು ಎಂದಲ್ಲವೆ? ವರ್ಷಗಟ್ಟಲೆ ಮುಖದಲ್ಲಿ ಏನನ್ನೂ ತೋರಗೊಡದೆ ಇಬ್ಬರು ಮಹಾ ಮಾಂತ್ರಿಕರ ನಡುವೆ ಗೂಢಚಾರನಾಗಿ ಬದುಕುಳಿದ ಸ್ನೇಪ್ ಅಪ್ಪಟ ಸ್ಲಿದರಿನ್; ಅವನ ಧೈರ್ಯವೂ ಸ್ಲಿದರಿನ್ ಧೈರ್ಯವೇ.

ಇನ್ನು ಷರ್ಲಾಕ್ ಹೋಮ್ಸ್. ಅವನನ್ನು ಎಲ್ಲರೂ ಕಣ್ಣುಮುಚ್ಚಿ ರೇವನ್‌ಕ್ಲಾಗೆ ಕಳುಹಿಸಿಬಿಡುತ್ತಾರೆ. ಆದರೆ ಕಾನನ್ ಡಾಯ್ಲ್ 1887ರಲ್ಲಿ ಅವನನ್ನು ಪರಿಚಯಿಸಿದ ಮೊದಲ ಕಾದಂಬರಿಯಲ್ಲೇ, ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂಬ ಸಂಗತಿ ಈ ಮಹಾಶಯನಿಗೆ ಗೊತ್ತಿಲ್ಲವೆಂದು ತಿಳಿದು ವಾಟ್ಸನ್ ದಂಗಾಗುತ್ತಾನೆ. ಈಗ ಗೊತ್ತಾಯಿತಲ್ಲ, ಇನ್ನು ಮರೆಯಲು ಪ್ರಯತ್ನಿಸುತ್ತೇನೆ ಎನ್ನುತ್ತಾನೆ ಹೋಮ್ಸ್. ಅವನ ಕೆಲಸಕ್ಕೆ ಅದು ಬೇಕಿಲ್ಲ. ತಿಳಿಯುವ ಸುಖಕ್ಕಾಗಿಯೇ ತಿಳಿಯಬೇಕೆನ್ನುವವನು ಆಡುವ ಮಾತೇ ಇದು? ಅವನ ಪಾಲಿಗೆ ಜ್ಞಾನವೆಂಬುದು ಆಯುಧ. 1904ರಲ್ಲಿ ಪ್ರಕಟವಾದ ಮಿಲ್ವರ್ಟನ್ ಕಥೆಯನ್ನು ನೋಡಿ. ಬ್ಲ್ಯಾಕ್‌ಮೇಲ್ ಮಾಡಿ ಬದುಕುವ ಮಿಲ್ವರ್ಟನ್‌ನ ಮನೆಯ ಒಳಗುಟ್ಟು ತಿಳಿಯಲು ಹೋಮ್ಸ್ ಪ್ಲಂಬರ್ ವೇಷ ಹಾಕಿ, ಆ ಮನೆಯ ಕೆಲಸದ ಹುಡುಗಿಯೊಂದಿಗೆ ಸುತ್ತಾಡಿ, ಮದುವೆಯನ್ನೂ ನಿಶ್ಚಯ ಮಾಡಿಕೊಳ್ಳುತ್ತಾನೆ. ಪಾಪ, ಆ ಹುಡುಗಿಯ ಗತಿಯೇನೆಂದು ವಾಟ್ಸನ್ ಕೇಳಿದರೆ, ತಾನು ಬೆನ್ನು ತಿರುಗಿಸಿದ ಕೂಡಲೇ ಅವಳನ್ನು ಒಲಿಸಿಕೊಳ್ಳಲು ಮತ್ತೊಬ್ಬ ಕಾದಿದ್ದಾನೆಂದು ಭುಜ ಹಾರಿಸಿ ಸುಮ್ಮನಾಗುತ್ತಾನೆ. ಆಮೇಲೆ ರಾತ್ರಿ ಆ ಮನೆಗೆ ಕನ್ನ ಹಾಕುತ್ತಾನೆ. ಎರಡನೆಯ ಪುಸ್ತಕದಲ್ಲಿ ಡಂಬಲ್‌ಡೋರ್ ಎಣಿಸುವ ಸ್ಲಿದರಿನ್ ಗುಣಗಳಲ್ಲಿ ಉಪಾಯ ಬಲ್ಲ ಬುದ್ಧಿ, ಪಟ್ಟು ಬಿಡದ ಛಲ, ನಿಯಮಗಳ ಬಗ್ಗೆ ಒಂದಿಷ್ಟು ತಾತ್ಸಾರ ಮೂರೂ ಇವೆಯಲ್ಲ, ಈ ಒಂದೇ ಕಥೆಯಲ್ಲಿ ಮೂರೂ ಸಿಗುತ್ತವೆ. ಗೆಲುವಿನ ಕೀರ್ತಿಯನ್ನು ಪೊಲೀಸರಿಗೆ ಬಿಟ್ಟುಕೊಡುವವನು ಮಹತ್ವಾಕಾಂಕ್ಷಿ ಹೇಗಾದಾನು ಎಂದು ಕೇಳಬಹುದು. ಪತ್ರಿಕೆಯಲ್ಲಿ ಹೆಸರು ಯಾರದೇ ಬರಲಿ, ಎದುರಾಳಿಯ ಮುಂದೆ ಸೋಲುವುದನ್ನು ಮಾತ್ರ ಅವನು ಸಹಿಸಲಾರ. ರೇವನ್‌ಕ್ಲಾಗೆ ಆ ಕುಟುಂಬದಿಂದ ಒಬ್ಬರು ಬೇಕೇಬೇಕೆಂದರೆ ಅಣ್ಣ ಮೈಕ್ರಾಫ್ಟ್ ಇದ್ದಾನೆ. ತಮ್ಮನಿಗಿಂತ ಚುರುಕಾದ ತಲೆ, ಆದರೆ ತನ್ನ ಊಹೆ ಸರಿಯೆಂದು ಸಾಧಿಸಲು ಕುರ್ಚಿಯಿಂದ ಏಳುವ ಗೋಜಿಗೂ ಹೋಗದವನು. ವಾಟ್ಸನ್ ಬಗ್ಗೆ ಹೆಚ್ಚು ಚರ್ಚೆ ಬೇಡ. ಅದೇ ಕನ್ನದ ರಾತ್ರಿ, ನನ್ನನ್ನು ಬಿಟ್ಟು ಹೊರಟರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಹೇಳಿಬಿಡುತ್ತೇನೆಂದು ಹೋಮ್ಸ್‌ನನ್ನು ಹೆದರಿಸಿ, ಅಪಾಯದಲ್ಲಿ ಪಾಲು ಪಡೆದುಕೊಂಡವನು ಗ್ರಿಫಿಂಡರ್ ಅಲ್ಲದೆ ಇನ್ನೇನು?

ಹಫಲ್‌ಪಫ್ ಬಗ್ಗೆ ಜನರಿಗಿರುವ ತಾತ್ಸಾರಕ್ಕೆ ಟೋಲ್ಕಿನ್‌ನ ‘ಲಾರ್ಡ್ ಆಫ್ ದ ರಿಂಗ್ಸ್’ ಕಥೆಯ ತೋಟಗಾರ ಸ್ಯಾಮ್‌ನಲ್ಲಿ ಉತ್ತರವಿದೆ. ಅವನನ್ನು ಆ ಹೌಸ್‌ಗೆ ಸೇರಿಸುವುದರಲ್ಲಿ ಬಹುಮಂದಿಗೆ ಒಮ್ಮತವಿದೆ. ಕಾರಣ ಮಾತ್ರ ಒಡೆಯ ಫ್ರೋಡೋ ಮೇಲಿನ ನಿಷ್ಠೆಯೆನ್ನುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, 1955ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ ಹೊತ್ತವರನ್ನು ಅಧಿಕಾರದ ಆಸೆಗೆ ಕೆಡವುವ ಉಂಗುರ ಕೆಲಹೊತ್ತು ಸ್ಯಾಮ್‌ನ ಬಳಿಯೇ ಇರುವ ಸಂದರ್ಭ. ಅವನು ಮಹಾವೀರನಾಗಿ ಸೈನ್ಯ ನಡೆಸಿದಂತೆ, ಶತ್ರುವಿನ ಬಂಜರು ನೆಲವೆಲ್ಲ ಅವನ ಅಪ್ಪಣೆಯ ಮೇರೆಗೆ ಹೂತೋಟವಾದಂತೆ ಉಂಗುರವು ಕನಸು ತೋರಿಸುತ್ತದೆ. ತೋಟಗಾರನಿಗೆ ತೋಟದ ಆಮಿಷ! ಆದರೆ ತನ್ನ ಕೈಯಿಂದಲೇ ದುಡಿಯಬಹುದಾದ ಪುಟ್ಟದೊಂದು ತೋಟ ಸಾಕು, ಅನ್ಯರ ಕೈಗಳನ್ನು ದುಡಿಸುವ ಸಾಮ್ರಾಜ್ಯ ಬೇಡವೆಂಬುದು ಅವನ ನಿರ್ಧಾರ. ಬೊರೊಮಿರ್‌ನಂಥ ಗ್ರಿಫಿಂಡರ್ ವೀರನನ್ನು ಕೆಡವಿದ ಉಂಗುರಕ್ಕೆ ಹಫಲ್‌ಪಫ್‌ನವನು ಜಗ್ಗಲಿಲ್ಲ.

ನಮ್ಮ ಕಡೆಯಿಂದ ಯಾರನ್ನಾದರೂ ಆ ಸ್ಟೂಲಿನ ಮೇಲೆ ಕೂರಿಸುವುದಾದರೆ ನನ್ನ ಮೊದಲ ಆಯ್ಕೆ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಉಂಡಾಡಿ. ಹಾರುವ ಓತಿಯನ್ನು ಕಂಡವನು ಮಾತ್ರ ಅವನೇ. ಅವನು ಹುಟ್ಟಾ ಪ್ರಕೃತಿ ವಿಜ್ಞಾನಿಯೆಂದು ಗುರುತಿಸಲು ವಿಜ್ಞಾನಿ ಕರ್ವಾಲೊ ಅವರೇ ಬೇಕಾಯಿತು. ರೇವನ್‌ಕ್ಲಾ ಬಾಗಿಲಿನಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ, ಕಂಚಿನ ಹದ್ದೊಂದು ಪ್ರಶ್ನೆ ಕೇಳುತ್ತದೆ. ಮಂದಣ್ಣ ಉತ್ತರಿಸುವ ಬದಲು ಆ ಹದ್ದಿನ ಜಾತಿ ಯಾವುದೆಂದು ನೋಡುತ್ತ ಹೊರಗೇ ನಿಂತುಬಿಟ್ಟಾನು. ಆದರೂ ಅವನು ಅದೇ ಹೌಸ್‌ನವನು.

ಕೊನೆಯದಾಗಿ, ಎಲ್ಲರೂ ಗ್ರಿಫಿಂಡರ್ ಎನ್ನುವ, ‘ಹಂಗರ್ ಗೇಮ್ಸ್’ ಕಾದಂಬರಿಯ ಕ್ಯಾಟ್ನಿಸ್ ಎವರ್ಡೀನ್. ಒಬ್ಬರೇ ಬದುಕುಳಿಯಬೇಕಾದ ಸಾವಿನ ಆಟಕ್ಕೆ ತಂಗಿಯ ಬದಲಿಗೆ ತಾನು ಹೋಗುತ್ತೇನೆಂದು ಅವಳು ಮುಂದೆ ಬಂದ ಗಳಿಗೆಯನ್ನೇ ಎಲ್ಲರೂ ಸಾಕ್ಷಿಗೆ ತರುತ್ತಾರೆ. ನಾನು ತರುವುದು ವಿಷದ ಹಣ್ಣುಗಳ ಸನ್ನಿವೇಶವನ್ನು: ಆಟ ನಡೆಸುವವರಿಗೆ ವಿಜೇತರೊಬ್ಬರು ಬೇಕೇಬೇಕೆಂಬ ಅವರ ದೌರ್ಬಲ್ಯವನ್ನು ಊಹಿಸಿ, ತಾನೂ ಜೊತೆಗಾರ ಪೀಟಾನೂ ಆ ಹಣ್ಣು ತಿಂದು ಸಾಯುತ್ತೇವೆಂದು ತೋರಿಸಿ, ಇಬ್ಬರ ಜೀವವನ್ನೂ ಅವಳು ಉಳಿಸಿಕೊಳ್ಳುತ್ತಾಳೆ. ನನ್ನ ಟೋಪಿ ಅವಳನ್ನು ಸ್ಲಿದರಿನ್‌ಗೆ ಕಳುಹಿಸುತ್ತದೆ. ಒಪ್ಪದವರು ಆ ಅಧ್ಯಾಯವನ್ನು ಮತ್ತೊಮ್ಮೆ ಓದಿಕೊಂಡು ವಾದಕ್ಕೆ ಬರಲಿ.