ಸದ್ದಿಲ್ಲದ ಗಾಡಿಗೆ ಜಾಗ ಯಾವುದು?

ಕೃಷ್ಣಮೃಗಗಳಿರುವ ಮೈದನಹಳ್ಳಿಯ ಹುಲ್ಲುಗಾವಲಿಗೆ ಎಲೆಕ್ಟ್ರಿಕ್ ಡರ್ಟ್ ಬೈಕ್, ಅಂದರೆ ಮಣ್ಣಿನ ದಾರಿಗೆಂದೇ ಮಾಡಿದ ಬ್ಯಾಟರಿ ಗಾಡಿ, ತೆಗೆದುಕೊಂಡು ಹೋಗೋಣವೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರ ವಾದ ಸರಳ: ಹೊಗೆಯಿಲ್ಲ, ಸದ್ದಿಲ್ಲ, ಭಾರವೂ ಇಲ್ಲ, ಹಾಗಿರುವಾಗ ಯಾರಿಗೆ ಏನು ತೊಂದರೆ? ಪ್ರತಿ ಬಾರಿಯೂ ನಾನು ಬೇಡ ಎಂದೇ ಹೇಳುತ್ತೇನೆ. ಕೇಳಿದವರಿಗೆ ಬೇಸರವಾಗುತ್ತದೆ. ಈ ಗಾಡಿಗಳನ್ನು ಇಷ್ಟೊಂದು ಹೊಗಳುವವನೇ ಅಡ್ಡ ನಿಂತರೆ ಹೇಗೆ ಎನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ಬರಹ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹೊಗಳಿಕೆಯನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಎಲ್ಲರೂ ಬ್ಯಾಟರಿಯ ವಿಷಯವನ್ನೇ ದೊಡ್ಡದು ಮಾಡುತ್ತಾರೆ, ನನಗೆ ದೊಡ್ಡದಾಗಿ ಕಾಣುವುದು ತೂಕ. ಮಣ್ಣಿನ ದಾರಿಗೆಂದು ನಮ್ಮಲ್ಲಿ ಜನ ಕೊಳ್ಳುವ ಪೆಟ್ರೋಲ್ ಬೈಕುಗಳಲ್ಲಿ ಹಿಮಾಲಯನ್ 200 ಕೆ.ಜಿ.ಗೆ ಹತ್ತಿರ ತೂಗುತ್ತದೆ. ಎಕ್ಸ್‌ಪಲ್ಸ್ ಸುಮಾರು 160 ಕೆ.ಜಿ. ಚೀನಾದ ಸುರ್‌ರಾನ್ ಕಂಪನಿಯ ಲೈಟ್ ಬೀ ಎಂಬ ಗಾಡಿ 50ರಿಂದ 60 ಕೆ.ಜಿ.ಯೊಳಗೆ ಮುಗಿಯುತ್ತದೆ. ಜಗತ್ತಿನ ಬೇರೆ ಬೇರೆ ಕಡೆ ಹಗುರ ಎಲೆಕ್ಟ್ರಿಕ್ ಡರ್ಟ್ ಬೈಕಿನ ಹುಚ್ಚು ಹಿಡಿಸಿದ್ದರಲ್ಲಿ ಈ ಗಾಡಿಯ ಪಾಲು ದೊಡ್ಡದು. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರ ಮಾರ್ಚ್‌ನಲ್ಲಿ ತೋರಿಸಿದ ಶಾಕ್‌ವೇವ್ 120 ಕೆ.ಜಿ. ಇದೆ, ಅದು ರಸ್ತೆಗೂ ಮಣ್ಣಿಗೂ ಎಂದು ಮಾಡಿದ ಗಾಡಿ. ನಾನು ಹೇಳುತ್ತಿರುವುದು ಆ ಅರವತ್ತು ಕೆ.ಜಿ.ಯ ಆಸುಪಾಸಿನ ಗಾಡಿಗಳ ಬಗ್ಗೆ.

ನಮ್ಮ ತುಮಕೂರು ಜಿಲ್ಲೆಯ ಉತ್ತರದ ನೆಲ ನೋಡಿದವರಿಗೆ ಈ ತೂಕದ ಬೆಲೆ ಗೊತ್ತಾಗುತ್ತದೆ. ಕೊರಟಗೆರೆ, ಮಧುಗಿರಿ, ಪಾವಗಡದ ಕಡೆ ಒಂದೇ ಕಿಲೋಮೀಟರಿನಲ್ಲಿ ಹಾಸುಬಂಡೆ ಸಿಗುತ್ತದೆ, ಕಾಲಿಟ್ಟರೆ ಜಾರುವ ಗರಸು ಸಿಗುತ್ತದೆ, ಒಣಗಿದ ಹಳ್ಳದ ಮರಳು ಸಿಗುತ್ತದೆ, ಎರಡೂ ಪಕ್ಕ ಬಳ್ಳಾರಿ ಜಾಲಿ ಚಾಚಿಕೊಂಡಿರುತ್ತದೆ. ಆ ಮರಳಿನಲ್ಲಿ 200 ಕೆ.ಜಿ.ಯ ಗಾಡಿ ಒಂದು ಸಲ ಮಲಗಿದರೆ ಎಬ್ಬಿಸಲು ಇನ್ನೊಬ್ಬರು ಬೇಕು. ಒಬ್ಬರೇ ಹೋಗುವ ಹಾಗಿಲ್ಲ, ಹೋದರೂ ಗಮನವೆಲ್ಲ ಬೀಳದಿರುವುದರ ಮೇಲೆಯೇ ಇರುತ್ತದೆ. ಹಗುರ ಗಾಡಿ ಬಿದ್ದರೆ ಒಬ್ಬರೇ ಎತ್ತಿ ನಿಲ್ಲಿಸಬಹುದು. ದಾರಿ ಮುಗಿದರೆ ಹಿಂಚಕ್ರವನ್ನು ಎತ್ತಿ ನಿಂತಲ್ಲೇ ತಿರುಗಿಸಬಹುದು. ಬಂಡೆ ಕಡಿದಾಗಿ ಕಂಡರೆ ಇಳಿದು, ಗಾಡಿಯನ್ನು ಪಕ್ಕಕ್ಕೆ ಹಿಡಿದು, ಅದರ ಮೋಟರಿನ ಬಲದಲ್ಲೇ ಹತ್ತಿಸಿಕೊಂಡು ಹೋಗಬಹುದು. ಕುಳ್ಳಗಿರುವವರು, ಐವತ್ತು ದಾಟಿದವರು, ಭಾರದ ಗಾಡಿ ತಮ್ಮದಲ್ಲ ಎಂದು ದೂರ ಉಳಿದಿದ್ದ ಹೆಣ್ಣುಮಕ್ಕಳು ಈಗ ಧೈರ್ಯವಾಗಿ ಮಣ್ಣಿಗಿಳಿಯುತ್ತಿದ್ದಾರೆ. ಇದು ಸಣ್ಣ ವಿಷಯವಲ್ಲ.

ಓಡಿಸುವ ರೀತಿಯೂ ಬೇರೆ. ಪೆಟ್ರೋಲ್ ಗಾಡಿಯಲ್ಲಿ ಗರಸಿನ ಏರು ಹತ್ತುವಾಗ ಅರ್ಧ ಕ್ಲಚ್ ಹಿಡಿದು, ಮೊದಲ ಗೇರಿನಲ್ಲಿ ಎಂಜಿನ್ ಆರದಂತೆ ನೋಡಿಕೊಂಡು ಹೆಣಗಬೇಕು. ನಡುವೆ ಎಂಜಿನ್ ನಿಂತಿತೆಂದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಎಲೆಕ್ಟ್ರಿಕ್ ಮೋಟರಿಗೆ ನಿಂತುಹೋಗುವ ಸಮಸ್ಯೆಯೇ ಇಲ್ಲ. ಚಕ್ರ ಇನ್ನೂ ಉರುಳುವ ಮೊದಲೇ ಅದನ್ನು ತಿರುಗಿಸುವ ಪೂರ್ಣ ಬಲ (ಟಾರ್ಕ್) ಸಿದ್ಧವಾಗಿರುತ್ತದೆ. ಕ್ಲಚ್ ಇಲ್ಲ, ಗೇರ್ ಇಲ್ಲ. ಹೊಸಬರು ಇಲ್ಲಿಯೇ ಎಡವುತ್ತಾರೆ: ಬಲ ಕೈಗೆ ಸಿಕ್ಕಿತೆಂದು ಆಕ್ಸಿಲರೇಟರನ್ನು ಒಮ್ಮೆಗೇ ತಿರುವಿದರೆ ಹಿಂಚಕ್ರ ನಿಂತಲ್ಲೇ ಸುತ್ತಿ ಗರಸಿನಲ್ಲಿ ಗುಂಡಿ ತೋಡುತ್ತದೆ. ಮಣಿಕಟ್ಟು ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ತಿರುವುವುದನ್ನು ಕಲಿಯಬೇಕು.

ಇನ್ನೊಂದು ವಿಷಯ, ಗೇರ್ ಗಾಡಿಯಿಂದ ಬಂದವರು ಗಮನವಿಟ್ಟು ಕೇಳಿ. ಈ ಬಗೆಯ ಹಗುರ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂಬದಿಯ ಬ್ರೇಕ್ ಎಡಗೈಯಲ್ಲಿರುತ್ತದೆ, ಸೈಕಲ್ಲಿನ ಹಾಗೆ. ಗಾಬರಿಯಾದಾಗ ಎಡಗೈ ಹಳೆಯ ಅಭ್ಯಾಸದಿಂದ ಕ್ಲಚ್ ಎಂದುಕೊಂಡು ಅದನ್ನು ಪೂರ್ತಿ ಹಿಡಿಯುತ್ತದೆ. ಹಿಂಚಕ್ರ ಗಕ್ಕನೆ ನಿಂತು ಗಾಡಿ ಅಡ್ಡ ಜಾರುತ್ತದೆ. ಸಮತಟ್ಟಾದ ಬಯಲಿನಲ್ಲಿ ಕೈಗೆ ಹೊಸ ಪಾಠ ಕಲಿಸಿದ ಮೇಲೆಯೇ ಇಳಿಜಾರಿಗೆ ಹೋಗಿ. ಇಳಿಯುವಾಗ ಮೋಟರೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ಮರಳಿಸುವ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ. ಅದನ್ನು ನೆಚ್ಚಿಕೊಳ್ಳುವವರು ಒಂದನ್ನು ನೆನಪಿಡಬೇಕು: ಬ್ಯಾಟರಿ ಪೂರ್ತಿ ತುಂಬಿದ್ದರೆ ಅದು ವಿದ್ಯುತ್ತನ್ನು ಒಳಗೆ ತೆಗೆದುಕೊಳ್ಳಲಾರದು, ಆಗ ಆ ತಡೆಯೂ ಸಿಗುವುದಿಲ್ಲ. ಚಾರ್ಜ್ ಮಾಡಿಕೊಂಡ ಕೂಡಲೇ ಗುಡ್ಡದ ಮೇಲಿನಿಂದ ಇಳಿಯಲು ಹೊರಟರೆ ಕೈಬ್ರೇಕುಗಳೇ ಗತಿ.

ಬೇಸಿಗೆಯ ಬಗ್ಗೆಯೂ ಒಂದು ಮಾತು. ಕಡಿದಾದ ಏರನ್ನು ನಿಧಾನವಾಗಿ ಹತ್ತುವಾಗ ಮೋಟರಿಗೆ ಹರಿಯುವ ವಿದ್ಯುತ್ ಹೆಚ್ಚು, ತಂಪಾಗಿಸುವ ಗಾಳಿ ಕಡಿಮೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಮೋಟರು, ಅದಕ್ಕೆ ವಿದ್ಯುತ್ ಅಳೆದು ಕೊಡುವ ಕಂಟ್ರೋಲರ್ ಎರಡೂ ಕಾಯ್ದು ಗಾಡಿ ತಾನಾಗಿಯೇ ಬಲ ತಗ್ಗಿಸುತ್ತದೆ. ಅದು ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ನೆರಳಿನಲ್ಲಿ ನಿಲ್ಲಿಸಿ. ಕಾದ ಬ್ಯಾಟರಿಯನ್ನು ಮನೆಗೆ ಬಂದೊಡನೆ ಚಾರ್ಜಿಗೆ ಹಾಕಬೇಡಿ. ಮುಟ್ಟಿದರೆ ತಣ್ಣಗಿದೆ ಎನಿಸುವವರೆಗೆ ಕಾಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಸದ್ದಿನ ಮಾತಿಗೆ ಬರುತ್ತೇನೆ, ಏಕೆಂದರೆ ಈ ಬರಹ ಹುಟ್ಟಿದ್ದೇ ಅದರಿಂದ.

ಸದ್ದಿಲ್ಲದಿರುವುದು ಓಡಿಸುವವರಿಗೆ ದೊಡ್ಡ ಸುಖ. ಚೈನಿನ ಸಣ್ಣ ಕಿರಿಕಿರಿ, ಟೈರಿನಡಿ ಗರಸು ನುರಿಯುವುದು, ದೂರದ ಬೋರ್‌ವೆಲ್ ಪಂಪಿನ ಸದ್ದು, ಹೊಲದಲ್ಲಿ ಯಾರೋ ಯಾರನ್ನೋ ಕೂಗುವುದು, ಎಲ್ಲವೂ ಕೇಳಿಸುತ್ತದೆ. ಹೆಲ್ಮೆಟ್ಟಿನೊಳಗೆ ಎಂಜಿನ್ ಗದ್ದಲವನ್ನೇ ತುಂಬಿಕೊಂಡು ವರ್ಷಗಟ್ಟಲೆ ತಿರುಗಿದವನಿಗೆ ಇದು ಎಂಥ ನೆಮ್ಮದಿ ಎಂದು ಬರೆದು ತಿಳಿಸುವುದು ಕಷ್ಟ. ಊರಿನ ಪಕ್ಕದಲ್ಲಿ ಹಾದುಹೋದರೆ ಯಾರ ಮಧ್ಯಾಹ್ನದ ನಿದ್ದೆಯೂ ಕೆಡುವುದಿಲ್ಲ.

ಆದರೆ ಎಂಜಿನ್ನಿನ ಗದ್ದಲ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಯಾರೋ ಬರುತ್ತಿದ್ದಾರೆ ಎಂದು ಮುಂದಿರುವವರಿಗೆ ತಿಳಿಸುತ್ತಿತ್ತು. ಕುರಿಗಾಹಿ ಮಂದೆಯನ್ನು ಪಕ್ಕಕ್ಕೆ ಹೊಡೆಯುತ್ತಿದ್ದ. ಸೊಪ್ಪಿನ ಹೊರೆ ಹೊತ್ತ ಹೆಂಗಸು ಕಾಲುದಾರಿ ಬಿಟ್ಟು ನಿಲ್ಲುತ್ತಿದ್ದಳು. ಈಗ ನಾವು ಅವರ ಬೆನ್ನ ಹಿಂದೆ ನಾಲ್ಕು ಮಾರು ದೂರ ಬರುವವರೆಗೆ ಅವರಿಗೆ ಗೊತ್ತಾಗುವುದಿಲ್ಲ. ಮಿಡಿಗೇಶಿ ಕಡೆಯ ಒಬ್ಬ ಹಿರಿಯ ಕುರಿಗಾಹಿ ನಮ್ಮ ಗುಂಪಿಗೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ನನ್ನ ಕುರಿಗಳಿಗೇ ಗಂಟೆ ಕಟ್ಟಿದ್ದೇನೆ ಸ್ವಾಮಿ, ನಿಮ್ಮ ಗಾಡಿಗೂ ಒಂದು ಕಟ್ಟಿಕೊಂಡು ಬನ್ನಿ" ಎಂದರು. ಕೋಪದಿಂದ ಹೇಳಲಿಲ್ಲ, ಸಲಹೆಯಾಗಿಯೇ ಹೇಳಿದರು. ನಾನು ಕಟ್ಟಿಕೊಂಡೆ. ತುಮಕೂರಿನ ಸಂತೆಯಲ್ಲಿ ಸಿಗುವ ಮಾಮೂಲು ಗಂಟೆ, ಹ್ಯಾಂಡಲ್ಲಿಗೆ ಬಿಗಿದಿದ್ದೇನೆ, ಗಾಡಿ ಕುಲುಕಿದಂತೆಲ್ಲ ಅದು ಬಡಿಯುತ್ತದೆ. ಸಾವಿರಾರು ರೂಪಾಯಿಯ ಯಾವ ಪರಿಕರವೂ ಇದರಷ್ಟು ಉಪಯೋಗಕ್ಕೆ ಬಂದಿಲ್ಲ. ಜನ ತಿರುಗಿ ನೋಡುತ್ತಾರೆ, ನಗುತ್ತಾರೆ, ದಾರಿ ಬಿಡುತ್ತಾರೆ.

ಮನುಷ್ಯರಿಗೆ, ಕುರಿಗಳಿಗೆ ಗಂಟೆ ಸಾಕು. ಕೃಷ್ಣಮೃಗಕ್ಕೆ ಸಾಲದು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ವಿಸ್ತೀರ್ಣ 800 ಎಕರೆಗೂ ತುಸು ಕಡಿಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ದೂರದಿಂದ ನೋಡಿದರೆ ಅದು ಯಾರಿಗೂ ಬೇಡದ ಖಾಲಿ ಬಯಲು. ಗಾಡಿ ಓಡಿಸುವವರ ಕಣ್ಣಿಗೆ ಅಂಥ ಬಯಲು ಕಂಡರೆ ಕೈ ತುರಿಸುತ್ತದೆ, ನನಗೂ ಗೊತ್ತು. ಆ ಬಯಲಿನ ಹುಲ್ಲಿನೊಳಗೆ ತಾಯಿ ಕೃಷ್ಣಮೃಗ ತನ್ನ ಮರಿಯನ್ನು ಬಚ್ಚಿಟ್ಟು ಮೇಯಲು ಹೋಗುತ್ತದೆ. ಹುಟ್ಟಿದ ಮೊದಲ ಕೆಲವು ವಾರ ಮರಿಯ ರಕ್ಷಣೆ ಇರುವುದೇ ಅಲುಗಾಡದೆ ಮಲಗುವುದರಲ್ಲಿ. ಅಪಾಯ ಹತ್ತಿರ ಬಂದಷ್ಟೂ ಅದು ನೆಲಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತದೆ, ಎದ್ದು ಓಡುವುದಿಲ್ಲ. ತೋಳದ ಮುಂದೆ ಈ ಉಪಾಯ ಎಷ್ಟೋ ಸಲ ನಡೆದೀತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹುಲ್ಲನ್ನು ಸೀಳಿಕೊಂಡು ಬರುವ ಟೈರಿನ ಮುಂದೆ ನಡೆಯುವುದಿಲ್ಲ. ಟಿಟ್ಟಿಭ ಹಕ್ಕಿಯ ಕಥೆಯೂ ಅದೇ. ಅದರ ಗೂಡೆಂದರೆ ಗರಸಿನ ನಡುವಿನ ಒಂದು ಸಣ್ಣ ತಗ್ಗು, ಮೊಟ್ಟೆಗಳ ಬಣ್ಣ ಅಲ್ಲಿನ ಕಲ್ಲುಗಳದೇ. ನಡೆದು ಹೋಗುವವರ ಕಣ್ಣಿಗೇ ಬೀಳದ್ದು ಗಾಡಿಯ ಮೇಲಿರುವವರಿಗೆ ಹೇಗೆ ಕಂಡೀತು?

ಕಾನೂನಿನ ಪ್ರಕಾರ ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಗಳ ಸಾಲಿನಲ್ಲಿ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡನ್ನು 2019ರಲ್ಲಿ ಚಿಂಕಾರಾ ಎಂಬ ಸಣ್ಣ ಹುಲ್ಲೆಯ ವನ್ಯಜೀವಿಧಾಮವೆಂದು ಘೋಷಿಸಿದ್ದಾರೆ. ಅಲ್ಲಿಗೂ ಬೇಡ. ದೇವರಾಯನದುರ್ಗದ ಮೀಸಲು ಕಾಡಿನೊಳಕ್ಕೂ ಬೇಡ. ದಂಡಕ್ಕೆ ಹೆದರಿ ಈ ಮಾತು ಹೇಳುತ್ತಿಲ್ಲ. ಸದ್ದು ಮಾಡದ ಗಾಡಿಯನ್ನು ಕಾವಲುಗಾರರ ಕಿವಿಗೆ ಬೀಳದಂತೆ ಒಳಗೆ ಒಯ್ಯಬಹುದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹುಡುಗರನ್ನು ಕಂಡಿದ್ದೇನೆ, ಅದು ನನಗೆ ತುಂಬ ನೋವು ಕೊಟ್ಟಿತು. ನಾವು ಇಷ್ಟಪಟ್ಟ ಗಾಡಿಯ ಒಳ್ಳೆಯ ಗುಣವನ್ನೇ ಕಳ್ಳತನಕ್ಕೆ ಬಳಸಿದ ಹಾಗಾಯಿತಲ್ಲ.

ಹಗುರ ಗಾಡಿ ನೆಲಕ್ಕೆ ಏನೂ ಮಾಡುವುದಿಲ್ಲ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಭಾರದ ಗಾಡಿಗಿಂತ ಕಡಿಮೆ ಹಾನಿ, ನಿಜ. ಆದರೆ ಇಳಿಜಾರಿನಲ್ಲಿ ಅದೇ ಜಾಡಿನ ಮೇಲೆ ಹತ್ತು ಜನ ಹತ್ತಿ ಇಳಿದರೆ ಹುಲ್ಲು ಕಿತ್ತು, ಮಣ್ಣು ಸಡಿಲಾಗಿ, ಗೀರು ಬೀಳುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಯ ನೀರು ಆ ಗೀರನ್ನೇ ಹಿಡಿದು ಹರಿದು ಅದನ್ನು ಕೊರಕಲು ಮಾಡುತ್ತದೆ. ಹೊಲದ ಬದುವಿನ ಮೇಲೆ ಹಾರಿಸಿದರೆ ಬದು ಒಡೆಯುತ್ತದೆ, ರೈತ ಒಂದು ದಿನದ ಕೂಲಿ ಕೊಟ್ಟು ಅದನ್ನು ಕಟ್ಟಿಸಬೇಕು. ಕೆರೆಯ ಏರಿಯ ಮೇಲೆ ಸಾಹಸ ಮಾಡುವವರಿಗಂತೂ ಹೇಳಲು ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಮಕ್ಕಳಿಗೆ ಕೊಡಿಸುವ ತಂದೆ ತಾಯಂದಿರು ಇದನ್ನು ಓದಲೇಬೇಕು. "ಎಲೆಕ್ಟ್ರಿಕ್ ಅಲ್ಲವೇ, ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ" ಎಂದು ಹೇಳಿ ಮಾರುವವರಿದ್ದಾರೆ. ಆ ವಿನಾಯಿತಿ ಇರುವುದು ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಮೀರದ ಗಾಡಿಗಳಿಗೆ ಮಾತ್ರ. ಡರ್ಟ್ ಬೈಕುಗಳ ಮೋಟರಿನ ಶಕ್ತಿ ಇದರ ಹತ್ತಾರು ಪಟ್ಟು. ನೋಂದಣಿ ಆಗದ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ, ಮನೆಯಿಂದ ಬಯಲಿನವರೆಗಿನ ಅರ್ಧ ಕಿಲೋಮೀಟರಿಗೂ ಇಲ್ಲ. ಆಟೋ ಅಥವಾ ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತರು ರಸ್ತೆಯಲ್ಲಿ ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಹೆಲ್ಮೆಟ್, ಮಂಡಿ ಮತ್ತು ಮೊಣಕೈ ಕವಚ, ಪಾದದ ಗಂಟು ಮುಚ್ಚುವ ಬೂಟು, ಇವುಗಳ ವಿಷಯದಲ್ಲಿ ಚೌಕಾಸಿ ಬೇಡ.

ಹಾಗಾದರೆ ಎಲ್ಲಿ ಓಡಿಸಬೇಕು? ಇದಕ್ಕೆ ಉತ್ತರ ಹುಡುಕದೆ ಬೇಡ ಬೇಡ ಎನ್ನುತ್ತಾ ಕುಳಿತರೆ ಹುಡುಗರು ಹೆದ್ದಾರಿಯಲ್ಲಿ ಮುಂಚಕ್ರ ಎತ್ತಿಕೊಂಡು ಓಡಿಸುವುದು ನಿಲ್ಲುವುದಿಲ್ಲ. ಕೋಲಾರದಲ್ಲಿ ದಾರಿ ಕಾಣುತ್ತದೆ. 2015ರಲ್ಲಿ ಡಕಾರ್ ರ್ಯಾಲಿ ಎಂಬ ಹಲವು ದಿನಗಳ ಕಠಿಣ ಮೋಟಾರು ಓಟವನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದರು. ಬೇಲಿಯೊಳಗೆ, ತರಬೇತುದಾರರ ಕಣ್ಣೆದುರು ಮಣ್ಣಿನಲ್ಲಿ ಗಾಡಿ ಓಡಿಸಲು ಕಲಿಸುವ ಜಾಗ ಅದು. ನಮ್ಮ ಜಿಲ್ಲೆಯಲ್ಲಿ ಅಂಥದ್ದೊಂದು ಏಕಿರಬಾರದು? ಎಲೆಕ್ಟ್ರಿಕ್ ಗಾಡಿಗಳಿಗೆ ಮಾತ್ರ ಎಂದು ಮಾಡಿದರೆ ಊರಿನ ಹತ್ತಿರವೇ ಮಾಡಬಹುದು, ಸದ್ದಿನ ದೂರು ಬರುವುದಿಲ್ಲ. ಸದ್ದಿಲ್ಲದಿರುವುದು ನಿಜವಾಗಿ ವರವಾಗುವುದು ಅಲ್ಲಿ.

ಜಮೀನಿನ ಪ್ರಶ್ನೆಗೆ ಪಾವಗಡವೇ ಒಂದು ಪಾಠ ಕೊಟ್ಟಿದೆ. ಅಲ್ಲಿನ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದಾಗ ರೈತರಿಂದ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಪಹಣಿ ರೈತರ ಹೆಸರಿನಲ್ಲಿಯೇ ಉಳಿಯಿತು. ಆ ಗುತ್ತಿಗೆಯಿಂದ ಭೂಮಿಯಿಲ್ಲದ ಕೂಲಿಕಾರರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಬೇರೆ ಇದೆ, ಅದು ಮುಖ್ಯವೂ ಹೌದು. ನಮಗೆ ಬೇಕಾದದ್ದು ಸಾವಿರಾರು ಎಕರೆಯಲ್ಲ. ಉಳುಮೆಗೆ ಬಾರದ, ಕಲ್ಲು ಗರಸು ತುಂಬಿದ ಐದಾರು ಎಕರೆ ಖಾಸಗಿ ಜಮೀನು ಸಾಕು. ಸ್ವಲ್ಪ ಏರಿಳಿತ, ಒಂದು ಹಾಸುಬಂಡೆ, ನೆರಳಿಗೆ ನಾಲ್ಕು ಹೊಂಗೆ ಮರ ಇದ್ದರೆ ಇನ್ನೂ ಒಳ್ಳೆಯದು. ಗೋಮಾಳ ಬೇಡ, ಅದು ಊರಿನ ದನಕರುಗಳದು. ಕೈಬಿಟ್ಟ ಕಲ್ಲು ಕ್ವಾರಿಗಳನ್ನು ಕೆಲವರು ಸೂಚಿಸುತ್ತಾರೆ. ಬದಿಗಳು ಕುಸಿಯುತ್ತವೆ, ಆಳದಲ್ಲಿ ನೀರು ನಿಂತಿರುತ್ತದೆ, ಹಾಗಾಗಿ ನನಗೆ ಅಲ್ಲಿ ಧೈರ್ಯವಿಲ್ಲ.

ನಾವು ಕೆಲವು ಜನ ಸೇರಿ ಇಂಥ ಒಂದು ಜಾಗವನ್ನು ಗುತ್ತಿಗೆಗೆ ಪಡೆಯಲು ಮಾತನಾಡಿಕೊಂಡಿದ್ದೇವೆ. ಮಳೆನೀರು ಕೊರಕಲು ಮಾಡದಂತೆ ಜಾಡುಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕುವುದು, ಮಳೆಗಾಲದಲ್ಲಿ ನೆಲ ಹಸಿಯಿರುವಾಗ ಮುಚ್ಚುವುದು, ಜಮೀನಿನ ಮನೆಯವರಲ್ಲೇ ಒಬ್ಬರಿಗೆ ಉಸ್ತುವಾರಿಯ ಸಂಬಳ ಕೊಡುವುದು, ಗಾಡಿ ಇಲ್ಲದ ಸುತ್ತಲಿನ ಹಳ್ಳಿಯ ಮಕ್ಕಳಿಗೆ ವಾರಕ್ಕೊಮ್ಮೆ ನಮ್ಮ ಗಾಡಿಗಳಲ್ಲೇ ಕಲಿಸುವುದು, ಇಷ್ಟು ನಿರ್ಧಾರವಾಗಿದೆ. ಕೊರಟಗೆರೆ, ಮಧುಗಿರಿ ಅಥವಾ ತುಮಕೂರಿನ ಊರ್ಡಿಗೆರೆ ಕಡೆ ಅಂಥ ಜಮೀನು ಇರುವವರು, ಅಥವಾ ಗೊತ್ತಿರುವವರು, ನನಗೆ ಸಂದೇಶ ಕಳುಹಿಸಿ. ಪಹಣಿ ಯಾರ ಹೆಸರಿನಲ್ಲಿದೆ, ಪಿಕಪ್ ಬರುವ ದಾರಿ ಇದೆಯೇ, ಅಕ್ಕಪಕ್ಕದ ಹೊಲದವರ ಒಪ್ಪಿಗೆ ಸಿಗುವುದೇ ಎಂಬ ಮೂರನ್ನು ಮೊದಲೇ ತಿಳಿಸಿದರೆ ಬಂದು ನೋಡುತ್ತೇವೆ.