ಸೋದರಮಾವನ ಅಂಗಡಿ

ಕಾನೂನೊಂದು ಜನರ ಬಂಧುಬಳಗವನ್ನು ಬೆಳೆಸಿದ ನಿದರ್ಶನ ಬೇಕಿದ್ದರೆ, ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯನ್ನು ನೋಡಬೇಕು. ಹದಿನಾಲ್ಕು ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಕೂಡದು ಎಂದು ಅದು ಗುಡುಗಿತು; ಇಟ್ಟುಕೊಂಡವನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಹೆದರಿಸಿತು; ಆಮೇಲೆ ದನಿ ತಗ್ಗಿಸಿ, ಶಾಲೆ ಬಿಟ್ಟ ಮೇಲೋ ರಜೆಯಲ್ಲೋ ಮನೆಯವರ ಕಸುಬಿಗೆ ಮಗು ನೆರವಾದರೆ, ಆ ಕಸುಬು ಅಪಾಯದ್ದಲ್ಲದಿದ್ದರೆ, ತನ್ನ ಅಭ್ಯಂತರವಿಲ್ಲ ಎಂದಿತು. ಮನೆಯವರೆಂದರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಜೊತೆಗೆ ತಂದೆಯ ಒಡಹುಟ್ಟಿದವರು ಮತ್ತು ತಾಯಿಯ ಒಡಹುಟ್ಟಿದವರು. ಅಜ್ಜ ಅಜ್ಜಿಯರನ್ನು ಏಕೆ ಬಿಟ್ಟರೋ ತಿಳಿಯದು. ಕತೆ ಹೇಳುತ್ತ ಕೂತು ಮಕ್ಕಳ ಕೆಲಸ ಕೆಡಿಸಿಯಾರೆಂಬ ಅಂಜಿಕೆ ಇದ್ದಿರಬೇಕು.

ಅಂದಿನಿಂದ ನಮ್ಮ ಪೇಟೆಬೀದಿಗಳಲ್ಲಿ ಮಾಲೀಕರು ಕಾಣೆಯಾಗಿ, ಎಲ್ಲಿ ನೋಡಿದರೂ ಸೋದರಮಾವಂದಿರೇ ತುಂಬಿಕೊಂಡಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆಯ ಚೀಲ ಎಳೆಯುತ್ತಿರುವ ಹುಡುಗನನ್ನು ಕಂಡ ಕಾರ್ಮಿಕ ನಿರೀಕ್ಷಕರು ಗಲ್ಲಾಪೆಟ್ಟಿಗೆಯತ್ತ ತಿರುಗುವ ಮೊದಲೇ, "ಸ್ವಾಮಿ, ಇವ ನಮ್ಮ ಅಕ್ಕನ ಮಗ" ಎಂಬ ಮಾತು ಅಲ್ಲಿಂದ ಬಂದಿರುತ್ತದೆ. ನಿರೀಕ್ಷಕರು ಹುಡುಗನನ್ನೂ ವಿಚಾರಿಸುತ್ತಾರೆ.

"ಏನಪ್ಪಾ, ಇವರು ನಿನಗೇನಾಗಬೇಕು?"

"ಮಾವ ಆಗಬೇಕು ಸರ್."

"ಮಾವನ ಹೆಸರೇನು?"

"ಸಾಹುಕಾರ್ರು ಸರ್."

ಇಲ್ಲಿ ನಿರೀಕ್ಷಕರ ಕಷ್ಟವನ್ನೂ ಅರಿಯಬೇಕು. ಕನ್ನಡದಲ್ಲಿ ತಂದೆಯ ತಮ್ಮನೂ ಚಿಕ್ಕಪ್ಪ, ತಾಯಿಯ ತಂಗಿಯ ಗಂಡನೂ ಚಿಕ್ಕಪ್ಪ. ಕಾಯ್ದೆ ಮೊದಲನೆಯವನನ್ನು ಒಪ್ಪುತ್ತದೆ, ಎರಡನೆಯವನನ್ನು ಒಪ್ಪುವುದಿಲ್ಲ. ತಾಯಿಯ ತಮ್ಮ ಮಾವನಾದರೆ ಅಡ್ಡಿಯಿಲ್ಲ, ತಂದೆಯ ತಂಗಿಯ ಗಂಡ ಮಾವನಾದರೆ ಅಪರಾಧಿ. ಹೀಗಾಗಿ ತಪಾಸಣೆಗೆ ಹೊರಟವರು ಕಾಯ್ದೆಯ ಪುಸ್ತಕದೊಂದಿಗೆ ತಹಶೀಲ್ದಾರರ ಮೊಹರಿನ ವಂಶವೃಕ್ಷವನ್ನೂ, ಸಾಧ್ಯವಾದರೆ ಊರಿನ ಹಿರಿಯ ಮುತ್ತೈದೆಯೊಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗುವುದು ಉಚಿತ.

2017ರ ನಿಯಮಗಳು ನಿಜವಾದ ಸೋದರಮಾವನಿಗೂ ಗಡಿಯಾರ ಕಟ್ಟಿವೆ: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚಿಲ್ಲ, ಶಾಲೆಯ ವೇಳೆಯಲ್ಲಿ ಇಲ್ಲ, ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಇಲ್ಲವೇ ಇಲ್ಲ. ಈ ಕೊನೆಯ ಹದಿಮೂರು ಗಂಟೆಗಳ ಅವಧಿಯಲ್ಲಿ ಸರ್ಕಾರಿ ಕಚೇರಿಗೆ ಬೀಗ ಬಿದ್ದಿರುತ್ತದೆ ಎಂಬುದು ಕಾಕತಾಳೀಯವಾದರೂ, ಬೆಳಗಿನ ಐದಕ್ಕೆ ಅಂಗಡಿಯ ಶಟರ್ ಎತ್ತುವ ಹುಡುಗನಿಗೆ ಅದು ಎಂದೋ ಗೊತ್ತಾಗಿದೆ.

ನೆಂಟಸ್ತಿಕೆ ಸಾಬೀತಾಗದಿದ್ದರೆ ವಯಸ್ಸಿನ ವಾದ ಏಳುತ್ತದೆ. ಆಧಾರ್ ಇಲ್ಲ, ಶಾಲೆಯ ದಾಖಲೆ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ ಎಂದಾದಾಗ ಹುಡುಗನ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ಮೂಳೆಯ ಸಾಕ್ಷ್ಯ ಎರಡೂ ಕಡೆಗೆ ಎರಡೆರಡು ವರ್ಷ ಜಾರಬಹುದೆಂದು ಸರ್ವೋಚ್ಚ ನ್ಯಾಯಾಲಯವೇ 1982ರಲ್ಲಿ ಹೇಳಿದೆ. ಹದಿಮೂರರ ಹುಡುಗ ಹನ್ನೊಂದರವನೂ ಆದಾನು, ಹದಿನೈದರವನೂ ಆದಾನು; ಸಾಹುಕಾರರ ವಕೀಲರಿಗೆ ಅವನು ಪ್ರತಿಬಾರಿಯೂ ಹದಿನೈದರವನಾಗಿಯೇ ಕಾಣುತ್ತಾನೆ, ಮತ್ತು ಹದಿನಾಲ್ಕು ದಾಟಿದವನು ಅಪಾಯಕಾರಿಯಲ್ಲದ ಕೆಲಸ ಮಾಡಲು ಕಾಯ್ದೆಯ ಆಕ್ಷೇಪವಿಲ್ಲ. ಚೀಲ ಎಳೆದೆಳೆದು ಗಟ್ಟಿಯಾದ ಮಣಿಕಟ್ಟೇ ಕೊನೆಗೆ ಚೀಲದ ಪರವಾಗಿ ನಿಲ್ಲುವಂತಾಗುತ್ತದೆ.

ರಾಯಚೂರು, ಕೊಪ್ಪಳ, ಯಾದಗಿರಿಯ ಹತ್ತಿಬೀಜದ ಹೊಲಗಳಲ್ಲಿ ಬಾಂಧವ್ಯ ಇನ್ನೂ ದೊಡ್ಡದು. ಮೊಗ್ಗು ಬಿಡಿಸಿ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಎಳೆಯ ಬೆರಳೇ ಬೇಕೆಂದು, ಗಿಡದ ಎತ್ತರಕ್ಕೆ ಹುಡುಗಿಯರ ಎತ್ತರವೇ ಸರಿಯೆಂದು ಅಲ್ಲಿ ಸಸ್ಯಶಾಸ್ತ್ರದ ವಿವರಣೆ ಸಿಗುತ್ತದೆ. ದೊಡ್ಡವರ ಕೂಲಿಗೂ ಹುಡುಗಿಯರ ಕೂಲಿಗೂ ಇರುವ ಅಂತರ ಮಾತ್ರ ಸಸ್ಯಶಾಸ್ತ್ರಕ್ಕೆ ಸೇರಿದ್ದಲ್ಲವಾದ್ದರಿಂದ ಅದರ ಪ್ರಸ್ತಾಪ ಬರುವುದಿಲ್ಲ. ಟಂಟಂ ಗಾಡಿಯೊಂದರಿಂದ ಇಪ್ಪತ್ತು ಹುಡುಗಿಯರು ಇಳಿದರೆ ಇಪ್ಪತ್ತೂ ಮಂದಿ ಹೊಲದ ಗೌಡರ ಅಕ್ಕತಂಗಿಯರ ಮಕ್ಕಳು. ಅಷ್ಟೊಂದು ಅಕ್ಕತಂಗಿಯರನ್ನು ಹೆತ್ತ ಆ ತಾಯಿಗೆ ಯಾರೂ ಸನ್ಮಾನ ಮಾಡದಿರುವುದೇ ಆಶ್ಚರ್ಯ.

ಒಟ್ಟು ಎಷ್ಟು ಮಕ್ಕಳು ದುಡಿಯುತ್ತಿದ್ದಾರೆಂದು ಕೇಳಿದರೆ ಇಲಾಖೆಗಳು ಇಂದಿಗೂ 2011ರ ಜನಗಣತಿಯತ್ತ ಬೆರಳು ತೋರುತ್ತವೆ: ದೇಶದಲ್ಲಿ ಐದರಿಂದ ಹದಿನಾಲ್ಕು ವರ್ಷದ ಸುಮಾರು 1.01 ಕೋಟಿ, ಕರ್ನಾಟಕದಲ್ಲಿ ಸುಮಾರು 2.49 ಲಕ್ಷ. 2021ರಲ್ಲಿ ಬರಬೇಕಿದ್ದ ಗಣತಿ ಆ ವರ್ಷ ಬರಲೇ ಇಲ್ಲ. ಅಂದು ಎಣಿಕೆಯಾದವರಲ್ಲಿ ಅತ್ಯಂತ ಕಿರಿಯನಿಗೂ 2024ರ ಹೊತ್ತಿಗೆ ಹದಿನೆಂಟು ತುಂಬಿರುವುದರಿಂದ, ಸರ್ಕಾರದ ಲೆಕ್ಕದಲ್ಲಿರುವ ಬಾಲಕಾರ್ಮಿಕರೆಲ್ಲರೂ ಈಗ ಮತದಾನಕ್ಕೆ ಅರ್ಹರು. ಒಬ್ಬನನ್ನೂ ಬಿಡಿಸದೆ ಎಲ್ಲರನ್ನೂ ಮುಕ್ತಗೊಳಿಸಿದ ಇಂಥ ಯೋಜನೆ ಬೇರೊಂದಿಲ್ಲ.

ಜೂನ್ 12ರಂದು, ಬಾಲಕಾರ್ಮಿಕ ವಿರೋಧಿ ದಿನದ ಜಾಥಾ ಮುಗಿಸಿ ಮನೆಗೆ ಮರಳುವ ನಿರೀಕ್ಷಕರು ದಾರಿಯಲ್ಲಿ ಅದೇ ಕಿರಾಣಿ ಅಂಗಡಿಯ ಮುಂದೆ ನಿಲ್ಲುತ್ತಾರೆ. ಏಳೂವರೆ ದಾಟಿರುತ್ತದೆ, ಕರ್ತವ್ಯದ ವೇಳೆ ಮುಗಿದಿರುತ್ತದೆ. "ತಮ್ಮಾ, ಎರಡು ಕೇಜಿ ಸಕ್ಕರೆ ಕಟ್ಟು" ಎನ್ನುತ್ತಾರೆ. ಕಾಯ್ದೆಯ ಪಟ್ಟಿಯಲ್ಲಿ ಅಣ್ಣನೂ ಇದ್ದಾನೆ.