ಬಿಡುಗಡೆ ಆಯ್ತು ಸರಿ, ಜಮೀನು ಎಲ್ಲಿ?

ನಾನಿರೋದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ, ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಸಿವಿಲ್ ವಾರ್ ಟೈಮಲ್ಲಿ ದಕ್ಷಿಣದವರ ರಾಜಧಾನಿ ಆಗಿದ್ದ ಊರು. ಇಲ್ಲಿ ಕೆಲವು ಹಳೇ ತಲೆಗಳು ಈಗಲೂ ಯುದ್ಧ ನಡೆದಿದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ ಅಂತಾರೆ. ಯಾವ ಹಕ್ಕು ಸ್ವಾಮಿ ಅಂತ ಕೇಳಿದ್ರೆ ಮಾತು ತೇಲಿಸ್ತಾರೆ. 1861ರಲ್ಲಿ ಮಿಸಿಸಿಪ್ಪಿ ರಾಜ್ಯ ನಾವ್ಯಾಕೆ ಒಕ್ಕೂಟ ಬಿಡ್ತಿದೀವಿ ಅಂತ ಹೊರಡಿಸಿದ ಘೋಷಣೆ ಓದಿ ನೋಡಿ, ನಮ್ಮ ನಿಲುವು ಗುಲಾಮಗಿರಿ ಜೊತೆಗೇ ಬೆಸೆದುಕೊಂಡಿದೆ ಅಂತ ಶುರುವಲ್ಲೇ ಬರ್ಕೊಂಡಿದ್ದಾರೆ. ಆಗ ಸುಮಾರು 40 ಲಕ್ಷ ಜನ ಗುಲಾಮರಿದ್ರು, ಹತ್ತಿ ವ್ಯಾಪಾರ ಪೂರ್ತಿ ಅವರ ದುಡಿಮೆ ಮೇಲೇ ನಿಂತಿತ್ತು. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹರಡೋಕೆ ಬಿಡಲ್ಲ ಅಂದಿದ್ದ ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದಿದ್ದೇ ತಡ, ದಕ್ಷಿಣದವರು ಒಕ್ಕೂಟ ಬಿಟ್ಟು ಹೊರಟೇಬಿಟ್ರು.

(ಆ ಹತ್ತಿ ಇಂಗ್ಲೆಂಡಿನ ಮಿಲ್‌ಗಳಿಗೆ ಬರೋದು ನಿಂತಾಗ ನಮ್ಮ ಧಾರವಾಡ ಕಡೆ ಹತ್ತಿಗೆ ರೇಟು ಏರಿತ್ತು, 1865ರಲ್ಲಿ ಯುದ್ಧ ಮುಗೀತಿದ್ದಂಗೆ ಧೊಪ್ಪಂತ ಬಿತ್ತು.)

ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತು ಗುಲಾಮಗಿರಿ ಹೋಯ್ತು. ಆದ್ರೆ ನನಗೆ ಹೊಟ್ಟೆ ಉರಿಯೋದು ಆಮೇಲೆ ಆಗಿದ್ದಕ್ಕೆ. 1865ರ ಜನವರಿಲಿ ಉತ್ತರದ ಸೇನೆಯ ಜನರಲ್ ಶರ್ಮನ್ ದಕ್ಷಿಣ ಕರಾವಳಿ ಜಮೀನನ್ನ ಬಿಡುಗಡೆಯಾದವರ ಕುಟುಂಬಕ್ಕೆ 40 ಎಕರೆವರೆಗೂ ಕೊಡಬೇಕು ಅಂತ ಆರ್ಡರ್ ಮಾಡಿದ, ಸಾವಿರಾರು ಜನ ಹೋಗಿ ಉತ್ತಿ ಬಿತ್ತಿನೂ ಆಯ್ತು, ಅಷ್ಟರಲ್ಲಿ ಲಿಂಕನ್ ಕೊಲೆಯಾಗಿ ಅಧ್ಯಕ್ಷನಾಗಿ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಹೆಚ್ಚಿನ ಜಮೀನನ್ನ ಹಳೇ ಮಾಲೀಕರಿಗೇ ವಾಪಸ್ ಕೊಡಿಸಿದ. ತಮಾಷೆ ಅಂದ್ರೆ ಪರಿಹಾರ ಕೊಟ್ಟಿದ್ದೂ ಇದೆ, 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ, ಒಬ್ಬ ಗುಲಾಮನಿಗೆ 300 ಡಾಲರ್‌ವರೆಗೆ, ಗುಲಾಮನಿಗಲ್ಲ, ಅವನ ಒಡೆಯನಿಗೆ! ಬಿಡುಗಡೆಯಾದವರು ಕೊನೆಗೆ ಅದೇ ಒಡೆಯರ ಹೊಲ ಪಾಲಿಗೆ ಮಾಡ್ಕೊಂಡು ಸಾಲದಲ್ಲಿ ಮುಳುಗಿದ್ರು.

ಇಲ್ಲೇ ನನಗೆ ನಮ್ಮ ದೇವರಾಜ ಅರಸು ನೆನಪಾಗೋದು. 1974ರ ಭೂಸುಧಾರಣೆ ಬಂದಾಗ ಪುತ್ತೂರು ಕಡೆ ಗೇಣಿಗೆ ಮಾಡ್ತಿದ್ದ ನಮ್ಮಜ್ಜ ಫಾರಂ 7ರಲ್ಲಿ ಡಿಕ್ಲರೇಶನ್ ಹಾಕಿದ್ರು, ಟ್ರಿಬ್ಯೂನಲ್‌ಗೆ ಅಲೆದಲೆದು ಕೊನೆಗೆ ಗದ್ದೆ ಅವರ ಹೆಸರಿಗಾಯ್ತು, ಆ ಗದ್ದೆ ಇಲ್ದಿದ್ರೆ ಅಪ್ಪ ಕಾಲೇಜು ಮೆಟ್ಟಿಲು ಹತ್ತುತ್ತಿರಲಿಲ್ಲ, ನಾನು ಇಲ್ಲಿ ಕೂತು ಇದನ್ನ ಟೈಪ್ ಮಾಡ್ತಾನೂ ಇರ್ತಿರಲಿಲ್ಲ. ಹಾಗಂತ ನಮ್ಮೂರೇ ಮೇಲು ಅಂತ ಬೀಗೋಕಾಗಲ್ಲ. ಗೇಣಿದಾರನಿಗೆ ಸಿಕ್ತು, ಅದೇ ಗದ್ದೇಲಿ ಕೂಲಿ ಮಾಡ್ತಿದ್ದ ದಲಿತರಿಗೆ ಏನ್ ಸಿಕ್ತು? ಜೀತ ನಿಷೇಧದ ಕಾನೂನು 1976ರಲ್ಲೇ ಬಂತು, ಜೀತ ಬಿಟ್ಟು ಬಂದವನಿಗೆ ಜಮೀನು ಬರಲಿಲ್ಲ. ಈ ವಿಷಯದಲ್ಲಿ ಅಮೆರಿಕಾನೂ ನಾವೂ ಒಂದೇ.

ಇಲ್ಲಿ ರಿಚ್ಮಂಡ್‌ನಲ್ಲಿ 2021ರಲ್ಲಿ ದಕ್ಷಿಣದ ಸೇನೆ ನಡೆಸಿದ್ದ ಜನರಲ್ ಲೀಯ ದೊಡ್ಡ ಪ್ರತಿಮೆ ಇಳಿಸಿದ್ರು, ಒಳ್ಳೇದೇ ಆಯ್ತು, ಆದ್ರೆ ಅದರಿಂದ ಯಾರ ಹೆಸರಿಗೂ ಪಹಣಿ ಬರಲ್ಲ. ಗುಲಾಮರ ವಂಶದವರಿಗೆ ಪರಿಹಾರ ಕೊಡೋ ಬಗ್ಗೆ ಬರೀ ಅಧ್ಯಯನ ಮಾಡೋಕೆ ಒಂದು ಆಯೋಗ ಬೇಕು ಅನ್ನೋ ಬಿಲ್ ಅಮೆರಿಕದ ಸಂಸತ್ತಲ್ಲಿ ಮೊದಲು ಮಂಡನೆ ಆಗಿದ್ದು 1989ರಲ್ಲಿ, ಆಮೇಲೆ ಎಷ್ಟು ಸಲ ತಂದ್ರೂ ಪಾಸಾಗಿಲ್ಲ.